ಹನುಮಂತರಾಯಪ್ಪನವರು ಹಿಮ್ಮಡಿಗೆ ಬಡಿದ ಆಣಿ

ಹನುಮಂತರಾಯಪ್ಪನವರ ಮುತ್ತಾತ ದೊಡ್ಡಾಂಜಿನಪ್ಪ, ಬಿಳಿ ದೊರೆಯೊಬ್ಬನ ಸಾರೋಟಿನ ಅಚ್ಚು ನಡುದಾರಿಯಲ್ಲಿ ಮುರಿದಾಗ ಹೊಂಗೆಯ ಕೊಂಬೆ ಕಡಿದು, ದೊರೆಯ ಸೊಂಟದ ಬೆಲ್ಟಿನಿಂದಲೇ ಬಿಗಿದು, ಬೆಂಗಳೂರಿಗೆ ಸಾಗಹಾಕಿದವನು. (ದೊರೆ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಷರಾಯಿ ಹಿಡಿದುಕೊಂಡೇ ಹೋದನಂತೆ.) ತಾತ ಕೆಂಪಾಂಜಿನಪ್ಪ, ಒಂದೂ ಮೊಳೆಯಿಲ್ಲದೆ ಬಾವಿಗೆ ಏತದ ಮರ ನಿಲ್ಲಿಸಿ, ಅದರ ತುದಿಗೆ ತಾನೇ ಹತ್ತಿ ಕುಣಿದವನು. ಅಪ್ಪ ಆಂಜಿನಪ್ಪ, ಊರಿನ ಹಿಟ್ಟಿನ ಗಿರಣಿಯ ಬೆಲ್ಟು ಹರಿದ ದಿನ ಎಮ್ಮೆ ಕಟ್ಟುವ ಹಗ್ಗ ಸುತ್ತಿ ಮೂರು ತಿಂಗಳು ರಾಗಿ ಬೀಸಿದವನು. ಆ ಮೂರು ತಿಂಗಳೂ ಊರಿನ ಮುದ್ದೆ ಎಮ್ಮೆ ವಾಸನೆ ಹೊಡೆಯುತ್ತಿತ್ತು ಎಂಬುದು ಹೊಟ್ಟೆಕಿಚ್ಚಿನವರ ಮಾತು.

ಈ ವಂಶದಲ್ಲಿ ನೇಮ ಎರಡೇ. ಮಾಡಿದ ವಸ್ತು ಅಲ್ಲಾಡಕೂಡದು. ಮಾಡಿದವನೇ ಅದನ್ನು ಮೊದಲು ಹತ್ತಿ ನೋಡಬೇಕು.

ಪೀಣ್ಯದ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಹನುಮಂತರಾಯಪ್ಪನವರು ರಾಜಗೋಪಾಲನಗರದಲ್ಲಿ ಮಹಡಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಹೊಲ ಹೋಯಿತೇ ಹೊರತು ನೇಮ ಹೋಗಲಿಲ್ಲ. ಅವರ ಗೇಟು ದಾಟಿ ಒಬ್ಬ ಮೆಕ್ಯಾನಿಕ್ಕನೂ ಒಳಗೆ ಬಂದದ್ದಿಲ್ಲ. ಅವರು ರಿಪೇರಿ ಮಾಡಿದ ಮಿಕ್ಸಿ ಹಾಕಿದರೆ ಪಕ್ಕದ ಮನೆಯ ಟಿ.ವಿ.ಯಲ್ಲಿ ಗೆರೆ ಬರುತ್ತಿತ್ತು, ನಿಜ. ಆದರೆ ಚಟ್ನಿ ಬೆಣ್ಣೆಯಂತೆ ಇರುತ್ತಿತ್ತು.

ತೊಂಬತ್ತೇಳನೇ ಇಸವಿಯ ಒಂದು ಶುಕ್ರವಾರ ಬೆಳಿಗ್ಗೆ ಮಹಡಿಯ ಬಾಡಿಗೆಯ ಹುಡುಗಿ ನಿವೇದಿತಾ ಆಳುದ್ದದ ಎರಡು ಹಲಗೆ ಹೊತ್ತು ಮೆಟ್ಟಿಲಿಳಿದಳು. ದಾವಣಗೆರೆಯವಳು, ಪೀಣ್ಯದ ಯಂತ್ರದ ಕಾರ್ಖಾನೆಯಲ್ಲಿ ಎಂಜಿನಿಯರು. ತರಬೇತಿಗೆಂದು ಆರು ತಿಂಗಳು ಆಸ್ಟ್ರಿಯಾಕ್ಕೆ ಹೋಗಿ, ಯಂತ್ರದ ಜೊತೆಗೆ ಹಿಮದ ಹುಚ್ಚನ್ನೂ ಕಲಿತು ಬಂದಿದ್ದಳು.

"ಏನವ್ವಾ ಅದು, ನೊಗಾನಾ?"

"ಸ್ಕೀ ರೀ ಅಂಕಲ್. ಕಾಲಿಗೆ ಕಟ್ಟಿಕೊಂಡು ಹಿಮದ ಗುಡ್ಡ ಹತ್ತೋದು, ಆಮೇಲೆ ಜಾರ್ಕೊಂಡು ಇಳಿಯೋದು. ಸಂಜೆ ಆರೂವರೆಗೆ ಡೆಲ್ಲಿ ರೈಲು, ಅಲ್ಲಿಂದ ಮನಾಲಿ. ಬೂಟು ಕೂರಿಸೋ ಈ ಬೈಂಡಿಂಗ್ ಇನ್ನೂ ಹಾಕಿಲ್ಲ. ನಮ್ಮ ಟೂಲ್ ರೂಮಿನ ಮಡಿವಾಳಪ್ಪ ಊಟದ ಹೊತ್ತಿಗೆ ಹಾಕಿಕೊಡ್ತೀನಿ ಅಂದಾರೆ."

ಹನುಮಂತರಾಯಪ್ಪನವರ ಕೈಯಲ್ಲಿದ್ದ ಕಾಫಿ ಲೋಟ ಜಗಲಿಯ ಮೇಲೆ ಟಣ್ಣೆಂದು ಕೂತಿತು.

"ನನ್ನ ಮನೆ ಮೆಟ್ಲು ಇಳ್ಕಂಡು ಮಡಿವಾಳಪ್ಪನ ತಾವ ಓಯ್ತೀಯಾ? ನಾನೇನು ಸತ್ತೋಗಿವ್ನಾ? ಇಡು ಕೆಳಕ್ಕೆ."

ಹುಡುಗಿ ಗೇಟಿನ ಕಡೆ ನೋಡಿದಳು, ಗಡಿಯಾರದ ಕಡೆ ನೋಡಿದಳು, ಕೊನೆಗೆ ಹಲಗೆ, ಬೂಟು, ಬೈಂಡಿಂಗು, ಅದರ ಚಿತ್ರದ ಪುಸ್ತಕ, ಕಾಗದದ ಅಚ್ಚು, ಸ್ಕ್ರೂ, ಅಂಟಿನ ಬುಡ್ಡಿ ಎಲ್ಲ ಒಪ್ಪಿಸಿದಳು. "ಈ ಅಚ್ಚು ಅಂಟಿಸಿ ತೂತು ಹಾಕ್ಬೇಕು ರೀ. ಒಂಬತ್ತು ಮಿಲಿಮೀಟರಿಗಿಂತ ಆಳ ಹೋದ್ರೆ ಹಲಗೆ ಆ ಕಡೆಗೂ ತೂತಾಗ್ತೈತೆ. ಆಮೇಲೆ ಆ ಹಿಮ್ಮಡಿ ಐತಲ್ಲ, ಅದು—"

"ನಂಗೆ ಇಮ್ಮಡಿ ಏಳ್ಕೊಡ್ಬ್ಯಾಡ ಮಗಾ. ಬಸ್ ಬಂತು, ಓಗು."

ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಹಿಮ್ಮಡಿಯ ಸಮಾಚಾರ ಬಸ್ಸು ಹತ್ತಿ ಹೋಯಿತು.

ಒಳಗಿನಿಂದ ಹೆಂಡತಿ ಭಾಗ್ಯಮ್ಮ ಕೂಗಿದರು: "ಆ ಮಗೀನ ಸಾಮಾನು ಕಣ್ರೀ! ಕೆಡಿಸಿ ಗಿಡಿಸಿದ್ರೆ ರೈಲು ನಿಮ್ಮಪ್ಪ ನಿಲ್ಲಿಸ್ತಾನಾ?"

"ನಮ್ಮಪ್ಪ ಇದ್ದಿದ್ರೆ ನಿಲ್ಲಿಸ್ತಿದ್ದ. ನಿನ್ನ ಬೊಟ್ಟಿನ ಚೀಟಿ ತತ್ತಾ."

ಸುಳ್ಳು ಹೇಳಬಾರದು, ಹನುಮಂತರಾಯಪ್ಪನವರ ಕೈ ಚಿನ್ನದಂಥದ್ದು. ಡ್ರಿಲ್ಲಿನ ಬಿಟ್ಟಿಗೆ ಸರಿಯಾಗಿ ಒಂಬತ್ತು ಮಿಲಿಮೀಟರಿನಲ್ಲಿ ಭಾಗ್ಯಮ್ಮನ ಸ್ಟಿಕರ್ ಬೊಟ್ಟು ಅಂಟಿಸಿದರು. ಕೈತಿರುವಿನ ಡ್ರಿಲ್ಲನ್ನು ಮಗುವಿಗೆ ಕಿವಿ ಚುಚ್ಚುವಷ್ಟು ನಯವಾಗಿ ತಿರುವಿದರು. ಬೊಟ್ಟು ಹಲಗೆಗೆ ಮುತ್ತಿಟ್ಟ ಕೂಡಲೇ ನಿಲ್ಲಿಸಿದರು. ಒಂದೊಂದು ಹಲಗೆಗೆ ಎಂಟು ತೂತು, ಒಂದೊಂದು ತೂತಿಗೂ ಅಂಟು, ಮೇಲೆ ಸ್ಕ್ರೂ. ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿಯಿತು. ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಮಾಡಿದವನೇ ಮೊದಲು ಹತ್ತಿ ನೋಡಬೇಕಲ್ಲ?

ಹುಡುಗಿಯ ಬೂಟು ಅವರ ಪಾದಕ್ಕಿಂತ ಎರಡು ಅಳತೆ ಚಿಕ್ಕದು. ಪಾದಕ್ಕೆ ಕೊಬ್ಬರಿ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲ ಸುತ್ತಿ, ಭಾಗ್ಯಮ್ಮನನ್ನು ಎದುರಿಗೆ ಕೂರಿಸಿ ಎಳೆಸಿದರು. ಕಾಲು ಒಳಗೆ ಹೋಯಿತು. ಬೂಟು ಬೈಂಡಿಂಗಿನಲ್ಲಿ ಖಟ್ ಎಂದು ಕೂತಿತು. ಅಂಗಳದಲ್ಲಿ ಒಂದು ಹೆಜ್ಜೆ ಇಟ್ಟರು. ಹಿಮ್ಮಡಿ ಮೇಲೆದ್ದಿತು. ಇನ್ನೊಂದು ಹೆಜ್ಜೆ, ಮತ್ತೆ ಎದ್ದಿತು. ಹವಾಯಿ ಚಪ್ಪಲಿಯ ಹಾಗೆ ಟಪ್, ಟಪ್!

"ನೋಡ್ದಾ ಭಾಗ್ಯ, ಇಂಗ್ ಲಟಪಟ ಅನ್ನೋ ಮಾಲು ಕಳಿಸವ್ರೆ!"

"ಆ ಪುಸ್ತಕದಾಗೂ ಇಮ್ಮಡಿ ಎದ್ದಿರೋ ಚಿತ್ರಾನೇ ಐತಲ್ರೀ?"

"ಅದು ಇಂಗೆ ಇರಬಾರ್ದು ಅಂತ ತೋರ್ಸಿರೋ ಚಿತ್ರ. ನಿಂಗೆ ತಿಳಿಯಾಕಿಲ್ಲ." (ಪುಸ್ತಕ ಜರ್ಮನ್ ಭಾಷೆಯದು. ಅವರಿಗೂ ತಿಳಿಯುತ್ತಿರಲಿಲ್ಲ.)

ಬಗ್ಗಿ ನೋಡಿದರೆ ಹಿಮ್ಮಡಿಯ ಪಕ್ಕದಲ್ಲಿ ಒಂದು ತೂತು ಖಾಲಿ! ಆಸ್ಟ್ರಿಯಾದವರು ಆಣಿ ಹಾಕುವುದನ್ನೇ ಮರೆತಿದ್ದಾರೆ. ಹನುಮಂತರಾಯಪ್ಪನವರಿಗೆ ಆ ದೇಶದ ಮೇಲೆ ಕನಿಕರವೇ ಉಕ್ಕಿತು. ಜಗಲಿಯ ಮೇಲೆ ಕೂತು, ಕೈಪೆಟ್ಟಿಗೆಯಿಂದ ಎತ್ತಿನ ಗಾಡಿಯ ಕಾಲದ ಎರಡು ಕಬ್ಬಿಣದ ಆಣಿ ತೆಗೆದು, ಕಾಲಿನಲ್ಲಿ ಬೂಟು ಇದ್ದ ಹಾಗೆಯೇ ತೂರಿಸಿ, ಎರಡೂ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಬಲಗಾಲು ಆಯಿತು. ಎಡಗಾಲೂ ಆಯಿತು. ಎದ್ದು ನಿಂತರು. ಬಂಡೆ! ಒಂದು ಕೂದಲೆಳೆಯೂ ಅಲ್ಲಾಡಲಿಲ್ಲ.

"ಸರಿ, ಈಗ ಬಿಚ್ಚಿ. ಊಟಕ್ಕಿಡ್ತೀನಿ," ಎಂದರು ಭಾಗ್ಯಮ್ಮ.

ಹನುಮಂತರಾಯಪ್ಪನವರು ಬಗ್ಗಿ ಬೂಟು ಬಿಡಿಸುವ ಕೊಂಡಿಯನ್ನು ಎತ್ತಿದರು. ಅದು ಏಳಲಿಲ್ಲ. ಆಣಿ ಅದನ್ನೂ ಸೇರಿಸಿಕೊಂಡು ಹೋಗಿತ್ತು. ಬೂಟಿನಿಂದ ಕಾಲನ್ನಾದರೂ ಕೀಳೋಣವೆಂದರೆ ಪಾದ ಊದಿ ಕಡುಬಾಗಿತ್ತು.

ಭಾಗ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎತ್ತಿಗೆ ಲಾಳ ಕಟ್ಟೋದ ಕಂಡಿದ್ದೆ ಕಣ್ರೀ. ಗಂಡಂಗೆ ಕಟ್ಟಿದ್ದು ಇವತ್ತೇ ಕಂಡಿದ್ದು. ಶೆಡ್ಡಿಂದ ಗರಗಸ ತರ್ಲಾ?"

"ಯಾರೂ ತರಾದು ಬ್ಯಾಡ. ನಾನೇ ಓಗಿ ತಕ್ಕತೀನಿ."

ಜಗಲಿಯಿಂದ ಶೆಡ್ಡಿಗೆ ಹನ್ನೆರಡು ಹೆಜ್ಜೆ. ಒಂದು ಗಂಟೆಯಲ್ಲಿ ಹನುಮಂತರಾಯಪ್ಪನವರು ನಾಲ್ಕು ಹೆಜ್ಜೆ ಕ್ರಮಿಸಿದರು, ಅದರಲ್ಲಿ ಮೂರು ಹಿಂದಕ್ಕೆ. ಒಮ್ಮೆ ಹಲಗೆ ಹಲಗೆಯನ್ನು ತುಳಿದು ಕರಿಬೇವಿನ ಗಿಡವನ್ನು ಅಪ್ಪಿಕೊಂಡರು. ಇನ್ನೊಮ್ಮೆ ತಿರುಗಲು ಹೋಗಿ ತುಳಸಿಕಟ್ಟೆಗೆ ಅಡ್ಡಲಾಗಿ ಸಿಕ್ಕಿಕೊಂಡು, ಅಲ್ಲೇ ಕಣ್ಮುಚ್ಚಿ ಕೈ ಮುಗಿದರು, ಅದಕ್ಕೆಂದೇ ಬಂದವರಂತೆ. ಮೊದಲ ಪಾಳಿ ಬಿಟ್ಟ ಕಾರ್ಖಾನೆಯವರು ಕಾಂಪೌಂಡಿನಾಚೆ ಸೈಕಲ್ ನಿಲ್ಲಿಸಿದರು. "ಓನರ್ರು ಎಲೆಕ್ಷನ್‌ಗೆ ನಿಂತವ್ರಾ ಅಕ್ಕಾ?" ಎಂದು ಒಬ್ಬ ಕೇಳಿದ. "ನಿಂತವ್ರೆ ಅಷ್ಟೇ ಕಣಪ್ಪ. ಯಾವುದಕ್ಕೆ ಅಂತ ಗೊತ್ತಿಲ್ಲ," ಎನ್ನುತ್ತಾ ಭಾಗ್ಯಮ್ಮ ಅಂಗಳದ ನಡುವೆಯೇ ಗಂಡನ ಬಾಯಿಗೆ ಮುದ್ದೆ ಇಟ್ಟರು.

ನಾಲ್ಕೂವರೆಗೆ ಗೇಟಿನ ಮುಂದೆ ಆಟೋ ನಿಂತಿತು. ನಿವೇದಿತಾ ಇಳಿದಳು, ಹಿಂದೆಯೇ, ಯಾವುದಕ್ಕೂ ಇರಲಿ ಎಂದು ಅವಳು ಕರೆತಂದಿದ್ದ ಮಡಿವಾಳಪ್ಪ. ಅವನು ಕುಕ್ಕರುಗಾಲಲ್ಲಿ ಕೂತು ಸ್ಕ್ರೂಗಳ ಸಾಲು ನೋಡಿದ. "ನಮ್ಮ ಮಿಷಿನ್‌ನಲ್ಲೂ ಇಷ್ಟು ನೀಟಾಗಿ ಬರಲ್ಲ ಸಾರ್."

ಹನುಮಂತರಾಯಪ್ಪನವರ ಎದೆ ಉಬ್ಬಿತು. ಉಬ್ಬಿದ ಭಾರಕ್ಕೆ ವಾಲಿ, ಗಿಡ ಹಿಡಿದುಕೊಂಡರು.

"ಇದೇನ್ರೀ ಅಂಕಲ್, ಈ ಆಣಿ?" ಹುಡುಗಿ ಅಳುಮೋರೆ ಮಾಡಿ ಆಣಿ ಮುಟ್ಟಿ ನೋಡಿದಳು.

"ಅಲ್ಲಾಡ್ತಿತ್ತು. ಸರಿ ಮಾಡ್ದೆ."

"ಅಯ್ಯೋ, ಅದು ಅಲ್ಲಾಡ್ಲೇಬೇಕು ರೀ! ಹಿಮ್ಮಡಿ ಎದ್ರೇನೇ ಗುಡ್ಡ ಹತ್ತೋಕಾಗೋದು. ಇಳಿಯುವಾಗ ಮಾತ್ರ ಬಿಗಿ ಮಾಡೋದು. ಬೆಳಿಗ್ಗೆ ಅದನ್ನೇ ಹೇಳಾಕ ಹತ್ತಿದ್ದೆ!"

ನಾಲ್ಕು ತಲೆಮಾರಿನ ನೇಮ ಅಂಗಳದಲ್ಲಿ ನಿಂತಲ್ಲೇ ಅಲ್ಲಾಡಿತು. ಆಟೋದವನು ಹಾರ್ನ್ ಒತ್ತಿದ. ಮಡಿವಾಳಪ್ಪ ಜೇಬಿನಿಂದ ಗರಗಸದ ಬ್ಲೇಡು ತೆಗೆದ. "ಎರಡೇ ನಿಮಿಷ ಸಾರ್. ಆಣಿ ಕೊಯ್ದುಬಿಡ್ತೀನಿ, ಬೈಂಡಿಂಗಿಗೆ ಏನೂ ಆಗಲ್ಲ."

ಹನುಮಂತರಾಯಪ್ಪನವರು ಕರಿಬೇವಿನ ಗಿಡ ಬಿಟ್ಟು ನೆಟ್ಟಗೆ ನಿಂತರು.

"ಮಡಿವಾಳಪ್ಪಾ, ಆ ಬ್ಲೇಡು ಒಳಕ್ಕಿಡು. ನಾನು ಬಡ್ದಿರೋ ಆಣಿ, ನಾನೇ ಬಿಚ್ಚೋನು. ಭಾಗ್ಯ, ನನ್ನ ಸ್ವೆಟ್ಟರು ತತ್ತಾ, ಎರಡು ಮುದ್ದೆ ಬುತ್ತಿ ಕಟ್ಟು. ಮಗಾ ನಿವೇದಿತಾ, ನೀನು ಅಳಬ್ಯಾಡ, ಆಟೋ ಅತ್ಕೋ. ಡೆಲ್ಲಿ ಬರಾದ್ರೊಳಗೆ ಎರಡೂ ಬಿಚ್ಕೊಡ್ತೀನಿ. ಏಯ್, ಯಾರ್ಲಾ ಅದು ನನ್ನ ರಟ್ಟೆಗೆ ಕೈ ಆಕ್ದೋನು? ಬುಡು! ಆಟೋನೂ ನಾನೇ ಅತ್ತೀನಿ."