ಕಿವಿಗೆ ಬೀಳದ ಸುದ್ದಿ

ನೋಣಯ್ಯ ಬರಿಗೈಯಲ್ಲಿ ಬಂದದ್ದೇ ಎಲ್ಲ ಅನಾಹುತಕ್ಕೂ ಕಾರಣ.

ನೋಣಯ್ಯನೆಂದರೆ ಡ್ರಾಯಿಂಗ್ ಮಾಸ್ತರ ಚಕ್ರಪಾಣಿಯ ದೊಡ್ಡಪ್ಪನ ಮನೆಯ ಒಕ್ಕಲು. ಗುರುಪುರದಾಚೆಯ ಹಳ್ಳಿಯಿಂದ ಅವನು ಮಂಗಳೂರಿಗೆ ಬರುವುದು ಎರಡೇ ಕಾರಣಕ್ಕೆ. ತಲೆಯ ಮೇಲೆ ಹಲಸಿನ ಹಣ್ಣೋ ಬಾಳೆಗೊನೆಯೋ ಇದ್ದರೆ ಅದು ಸುಖದ ಬರವು. ಆಗ ಅಂಗಳದಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಊರಿನ ದನಕರುಗಳ ಸುದ್ದಿಯನ್ನೂ ಬಿಡದೆ ಹೇಳಿ ಹೋಗುವನು. ತಲೆಗೆ ಬೈರಾಸು ಸುತ್ತಿ ಬರಿಗೈಯಲ್ಲಿ ಬಂದನೆಂದರೆ ಕುಟುಂಬದಲ್ಲಿ ಯಾರೋ ತೀರಿಕೊಂಡರೆಂದು ಅರ್ಥ. ಆಗ ನೀರನ್ನೂ ಮುಟ್ಟದೆ, ನಿಂತಲ್ಲಿಂದಲೇ ಒಂದು ಮಾತು ಹೇಳಿ ತಿರುಗಿ ಹೋಗುವನು.

ಚಕ್ರಪಾಣಿಯ ಕುಟುಂಬ ದೊಡ್ಡದು. ದೇವಸ್ಥಾನಗಳ ಪೂಜೆಯನ್ನು ಹಂಚಿಕೊಂಡು ಕಾಸರಗೋಡಿನಿಂದ ಕುಂದಾಪುರದವರೆಗೆ ಹರಡಿಕೊಂಡದ್ದು. ಅದರಲ್ಲಿರುವ ಮುದುಕರಿಗೆಲ್ಲ ಅದೇನು ಹಟವೋ, ಸಾಯಲು ಹೊಸವರ್ಷದ ಬಿಸು ಹಬ್ಬದ ಹೊತ್ತನ್ನೇ ಹುಡುಕುತ್ತಿದ್ದರು. ವರ್ಷವರ್ಷವೂ ಹಬ್ಬದ ಮರುದಿನ ಹೊಳೆಯಾಚೆಯ ಬೆಂಗ್ರೆಗೆ ಹೋಗಿ ಸಮುದ್ರ ನೋಡಿ ಬರುವುದೆಂದು ಚಕ್ರಪಾಣಿ ಹೆಂಡತಿಗೆ ಮಾತು ಕೊಡುವನು. ವರ್ಷವರ್ಷವೂ ಅವನು ಕಂಡರಿಯದ ಯಾವನೋ ಚಿಕ್ಕಜ್ಜ ಕಣ್ಣು ಮುಚ್ಚುವನು. ಹತ್ತು ದಿನ ಸೂತಕ. ಕಟ್ಟಿದ ಬುತ್ತಿ ದನದ ಬಾಯಿಗೆ.

ಮುಕ್ತಾ ಮದುವೆಯಾಗಿ ಕೊಟ್ಟಾರದ ಈ ಬಾಡಿಗೆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ರಾತ್ರಿ ಗಾಳಿ ತಿರುಗಿದಾಗ ಅಡುಗೆಮನೆಯವರೆಗೂ ಸಮುದ್ರದ ಮೊರೆತ ಬರುತ್ತದೆ. ಅವಳ ಪಾಲಿಗೆ ಬಂದದ್ದು ಆ ಮೊರೆತವಷ್ಟೇ. ಈ ಸಲ ಅವಳು ಖಡಾಖಂಡಿತ ಹೇಳಿಬಿಟ್ಟಿದ್ದಳು: "ಈ ವರ್ಷ ಯಾರು ಬೇಕಾದ್ರೂ ಸಾಯ್ಲಿ. ಬೆಂಗ್ರೆಗೆ ಹೋಗದಿದ್ರೆ ನಾನು ಮಕ್ಕಳನ್ನು ಕಟ್ಟಿಕೊಂಡು ತಾಯಿಮನೆಗೆ ಹೋಗ್ತೇನೆ. ಮತ್ತೆ ನೀವುಂಟು, ನಿಮ್ಮ ಸೂತಕ ಉಂಟು."

ಬಿಸುವಿನ ಮರುದಿನ ಬೆಳಿಗ್ಗೆ ಚಕ್ರಪಾಣಿ ಬಾವಿಯಿಂದ ನೀರು ಸೇದುತ್ತಿದ್ದ. ಪಾಗಾರದ ಗೋಡೆಯ ಮೇಲಿಂದ ನೋಡುತ್ತಾನೆ, ಓಣಿಯ ತುದಿಯಲ್ಲಿ ನೋಣಯ್ಯ! ತಲೆಗೆ ಬೈರಾಸು, ಕೈ ಬರಿದು. ಅದೂ ನಡೆದು ಬರುತ್ತಿಲ್ಲ, ಓಡಿ ಬರುತ್ತಿದ್ದಾನೆ. ಕೊಡವೂ ಹಗ್ಗವೂ ಜೊತೆಯಾಗಿ ಬಾವಿಗೆ ಬಿದ್ದವು.

ದೊಡ್ಡಪ್ಪ! ಎಂಬತ್ತು ದಾಟಿದ ಜೀವ, ಮಳೆಗಾಲದಿಂದ ದಮ್ಮು. ಬೇರೆ ಯಾರಿಗಾದರೆ ನೋಣಯ್ಯ ಹೀಗೆ ಓಡಿ ಬರುವವನಲ್ಲ. ತಂದೆಯ ಮುಖವನ್ನೇ ಕಾಣದ ಚಕ್ರಪಾಣಿಯನ್ನು ಹೆಗಲ ಮೇಲೆ ಹೊತ್ತು ಸಾಕಿದ್ದು, ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ್ದು ಆ ದೊಡ್ಡಪ್ಪ. ಚಕ್ರಪಾಣಿಗೆ ಬಾವಿಕಟ್ಟೆಯಲ್ಲೇ ಕುಸಿದು ಕುಳಿತು ಗೊಳೋ ಎಂದು ಅಳಬೇಕೆನಿಸಿತು.

ಅಷ್ಟರಲ್ಲಿ ಒಳಗಿನಿಂದ ಮುಕ್ತಾಳ ನಗು ಕೇಳಿಸಿತು. ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿಯನ್ನು ಬುಟ್ಟಿಗೆ ತುಂಬುತ್ತಾ ಮಕ್ಕಳಿಗೆ ಏನೋ ಹೇಳಿ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಸೂತಕಕ್ಕೊಂದು ಕಾನೂನಿದೆ: ಕಿವಿಗೆ ಬಿದ್ದ ಮೇಲೆಯೇ ಅದು ತಾಗುವುದು. ಕೊಳ್ಳಿ ಇಡಲು ಊರಿನಲ್ಲಿ ದೊಡ್ಡಪ್ಪನ ಮಗನೇ ಇದ್ದಾನೆ. ಸಂಜೆ ಕೇಳಿದರೂ ಸತ್ತವರು ಸತ್ತವರೇ. ಒಂದು ಹಗಲು, ಒಂದೇ ಒಂದು ಹಗಲು ನೋಣಯ್ಯನ ಮಾತು ಕಿವಿಗೆ ಬೀಳದಿದ್ದರೆ ಸಾಕು. ಚಕ್ರಪಾಣಿ ಒದ್ದೆ ಪಂಚೆಯಲ್ಲೇ ಒಳಕ್ಕೆ ನುಗ್ಗಿದ.

"ಹೊರಡಿ ಹೊರಡಿ! ಹಿಂದಿನ ಬಾಗಿಲಿನಿಂದ!"

"ಎಂತ ಇದು? ಮಾಣಿಗೆ ಇನ್ನೂ ಅಂಗಿ ಹಾಕ್ಲಿಲ್ಲ!" ಎಂದಳು ಮುಕ್ತಾ, ಮಗನ ಕೈ ಹಿಡಿದುಕೊಂಡು.

"ರಾಹುಕಾಲ ಸುರುವಾಗ್ತದೆ ಮಾರಾಯ್ತಿ, ಬೇಗ!"

ಜೊತೆಗೆ ಬರಲು ಸಿದ್ಧರಾಗಿ ನಿಂತಿದ್ದ ಪಕ್ಕದ ಮನೆಯ ರಾಧಾಕೃಷ್ಣ ರಾಯರು ಬೇಲಿಯಾಚೆಯಿಂದ ಕತ್ತು ಚಾಚಿದರು. ಅವರು ಟಪ್ಪಾಲು ಕಚೇರಿಯ ಗುಮಾಸ್ತರು. ತಪ್ಪು ಕಂಡರೆ ತಿದ್ದದೆ ಬಿಡುವವರಲ್ಲ. "ಇವತ್ತು ರಾಹುಕಾಲ ಮಧ್ಯಾಹ್ನ ಅಲ್ವಾ ಮಾಸ್ಟ್ರೇ?"

"ಅದು ಹಳೆ ಪಂಚಾಂಗ ರಾಯರೇ! ನಿನ್ನೆಯಿಂದ ಹೊಸತು!"

ರಾಯರು ಇದನ್ನು ಪರಿಶೀಲಿಸುವ ಮೊದಲೇ ಎರಡೂ ಮನೆಯವರು ಕೊಯ್ಲಾದ ಗದ್ದೆಗೆ ಇಳಿದಾಗಿತ್ತು. ಮಾವಿನ ರಸಾಯನದ ತಪ್ಪಲೆ ಚಕ್ರಪಾಣಿಯ ತಲೆಯ ಮೇಲೆ. ಅದು ಕುಲುಕಿ ಹಣೆಯ ಮೇಲೆ ಇಳಿಯುತ್ತಿದ್ದರೆ ಅವನ ಮಗಳು ವಾರಿಜಾ ಹಿಂದಿನಿಂದ ವರದಿ ಒಪ್ಪಿಸುತ್ತಿದ್ದಳು. ರಾಯರ ಹೆಂಡತಿ ಪಂಕಜಾಕ್ಷಿ ಗದ್ದೆಯಂಚಿನ ಹುಣಿಯಿಂದ ಎರಡು ಸಲ ಜಾರಿ ಬಿದ್ದು, ಎರಡು ಸಲವೂ ಗಂಡನನ್ನೇ ಬೈದಳು.

ದೊಡ್ಡ ರಸ್ತೆಯಲ್ಲಿ ಒಂದು ಜಟ್ಕಾ ಸಿಕ್ಕಿತು. ಆರು ಜನ ಹತ್ತಿ ಕುಳಿತಾಗ ಕುದುರೆ ಹಿಂದಿರುಗಿ ನೋಡಿ ನಿಟ್ಟುಸಿರು ಬಿಟ್ಟಿತು. ಅಷ್ಟರಲ್ಲಿ ದೂರದಿಂದ ಕೂಗು: "ಸಣ್ಣ ಭಟ್ರೇ! ನಿಲ್ಲಿ! ದೊಡ್ಡ ಭಟ್ರು..."

ಮುಂದಿನದು ಕೇಳಿಸುವ ಮೊದಲೇ ಚಕ್ರಪಾಣಿ ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟು, ಗಂಟಲು ಹರಿಯುವಂತೆ ಭಜನೆ ಆರಂಭಿಸಿದ. ಚಾವಟಿಗೆ ಜಗ್ಗದ ಕುದುರೆ ಆ ಸ್ವರಕ್ಕೆ ಬೆದರಿ ನಾಲ್ಕು ಕಾಲೂ ಎತ್ತಿ ಓಡಿತು.

"ಒಂಬತ್ತು ವರ್ಷ ಆಯ್ತು ಪಂಕಜಕ್ಕ, ಇವರಿಗೆ ಹಾಡ್ಲಿಕ್ಕೆ ಬರ್ತದೇಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು ಮುಕ್ತಾ, ಕಣ್ಣರಳಿಸಿ.

"ಹಾಡುವುದಲ್ಲ ಮುಕ್ತಾ, ಹೊಟ್ಟೆನೋವು ಇರ್ಬೇಕು," ಎಂದಳು ಪಂಕಜಾಕ್ಷಿ.

ದೋಣಿ ಹತ್ತುವ ಬಂದರಿನ ಧಕ್ಕೆಯಲ್ಲಿ, ದೋಣಿ ನಡೆಸುವ ಬೂಬ ಎಷ್ಟು ಹೇಳಿದರೂ ಹೊರಡಲೊಲ್ಲ. "ಇನ್ನು ನಾಲ್ಕು ಜನ ಆಗ್ಲಿ ಮಾಸ್ಟ್ರೇ. ಸಮುದ್ರ ಎಲ್ಲಿಗೂ ಹೋಗುದಿಲ್ಲ." ಒಬ್ಬೊಬ್ಬರೇ ಬುಟ್ಟಿಯವರು ಬಂದು ಹತ್ತುವಷ್ಟರಲ್ಲಿ ಚಕ್ರಪಾಣಿಯ ಅರ್ಧ ಆಯುಷ್ಯ ಸವೆಯಿತು. ಕೊನೆಗೂ ಬೂಬ ಹಗ್ಗ ಬಿಚ್ಚುವಾಗ, ಹಂಚಿನ ರಾಶಿಗಳ ಸಂದಿಯಿಂದ ನೋಣಯ್ಯ ಏದುಸಿರು ಬಿಡುತ್ತಾ ಹೊರಬಂದ.

ಪರೋಪಕಾರಿಯಾದ ಪಂಕಜಾಕ್ಷಿ ದೋಣಿಯಲ್ಲಿ ಎದ್ದು ನಿಂತು ಸೆರಗು ಬೀಸಿದಳು. "ಓಯ್! ಇಲ್ಲಿ, ಇಲ್ಲಿ! ಮಾಸ್ಟ್ರು ಇಲ್ಲೇ ಇದ್ದಾರೆ!"

ಚಕ್ರಪಾಣಿ ಬೂಬನ ಕೈಯಿಂದ ಗಳವನ್ನು ಕಿತ್ತುಕೊಂಡು ಧಕ್ಕೆಗೆ ಒತ್ತಿ ಜೋರಾಗಿ ತಳ್ಳಿದ. ರಾಧಾಕೃಷ್ಣ ರಾಯರ ಒಂದು ಕಾಲು ದೋಣಿಯಲ್ಲಿತ್ತು, ಇನ್ನೊಂದು ಧಕ್ಕೆಯಲ್ಲಿ. ಎರಡನ್ನೂ ಉಳಿಸಿಕೊಳ್ಳಲು ಅವರು ಶಕ್ತಿಮೀರಿ ಪ್ರಯತ್ನಿಸಿದರು. ಆಮೇಲೆ ನೀರಿನ ಮೇಲೆ ಅವರ ಕೊಡೆಯೊಂದೇ ಕಾಣುತ್ತಿತ್ತು. ಬೂಬ ಜುಟ್ಟು ಹಿಡಿದು ಮೇಲೆಳೆದುಕೊಂಡಾಗ ರಾಯರು ಕೇಳಿದ ಮೊದಲ ಮಾತು, "ರಾಹುಕಾಲ ಮುಗೀಲಿಲ್ವಾ ಮಾಸ್ಟ್ರೇ?" ಎಂದು. ಚಕ್ರಪಾಣಿಗೆ ಅದು ಕೇಳಿಸಲಿಲ್ಲ. ಅವನ ಭಜನೆ ಇನ್ನೂ ಮುಗಿದಿರಲಿಲ್ಲ.

ಬೆಂಗ್ರೆಯಲ್ಲಿ ಒಂದು ಕಡೆ ಹೊಳೆ, ಒಂದು ಕಡೆ ಸಮುದ್ರ, ನಡುವೆ ಮರಳು ಮತ್ತು ತೆಂಗಿನ ಮರಗಳು. ಹೊಳೆಯ ಬದಿಯಲ್ಲಿ ಇಳಿದು ಮರಗಳನ್ನು ದಾಟಿದ್ದೇ ತಡ, ಮುಕ್ತಾ ಬುಟ್ಟಿಯನ್ನು ಕೆಳಗಿಟ್ಟು ನಿಂತುಬಿಟ್ಟಳು. "ಇಷ್ಟು ದೊಡ್ಡದಾ!" ಎಂದಳು. ಅಷ್ಟೇ. ಮಕ್ಕಳು ಆಗಲೇ ತೆರೆಯ ಅಂಚಿನಲ್ಲಿ ಕುಣಿಯುತ್ತಿದ್ದರು. "ತಲೆ ಒದ್ದೆ ಮಾಡಿಕೊಂಡ್ರೆ ಗೊತ್ತುಂಟಲ್ಲ!" ಎಂದು ಅವಳು ಗದರಿಸಿದ ಸ್ವರದಲ್ಲೂ ನಗುವಿತ್ತು.

ಆ ನಗುವನ್ನು ನೋಡಿ ಚಕ್ರಪಾಣಿ ಸಮುದ್ರಕ್ಕಿಳಿದ. ಸಮುದ್ರದಲ್ಲಿ ಅಳುವುದಕ್ಕೊಂದು ಅನುಕೂಲವಿದೆ. ಮುಖ ಯಾಕೆ ಒದ್ದೆಯೆಂದು ಯಾರೂ ಕೇಳುವುದಿಲ್ಲ. ಈಗ ಊರಿನಲ್ಲಿ ಚಟ್ಟ ಕಟ್ಟುತ್ತಿರಬಹುದು. ದೊಡ್ಡಪ್ಪನ ಬಾಯಿಗೆ ತುಳಸಿ ನೀರು ಬಿಡಲು ಎಲ್ಲರೂ ಇದ್ದಾರೆ, ಎತ್ತಿ ಆಡಿಸಿದ ಚಕ್ರುವೊಬ್ಬ ಇಲ್ಲಿ ರಸಾಯನ ತಿನ್ನಲು ಬಂದಿದ್ದಾನೆ. ತನ್ನಂಥ ಪಾಪಿ ಬೇರೆ ಇಲ್ಲವೆಂದು ಅವನು ಬಿಕ್ಕಿ ಬಿಕ್ಕಿ ಅತ್ತ. ದಡದಲ್ಲಿ, ಪಂಕಜಾಕ್ಷಿಯ ಬದಲಿ ಸೀರೆಯನ್ನುಟ್ಟು ಬಟ್ಟೆ ಒಣಗಲು ಕಾಯುತ್ತಿದ್ದ ರಾಯರು, "ಮಾಸ್ಟ್ರಿಗೆ ಸಮುದ್ರ ಅಂದ್ರೆ ಎಷ್ಟು ಖುಷಿ!" ಎಂದರು.

ತೆಂಗಿನ ನೆರಳಿನಲ್ಲಿ ಎಲೆ ಹಾಕಿದರು. ಮಕ್ಕಳು ಮೊಣಕೈವರೆಗೆ ರಸಾಯನ ಇಳಿಸಿಕೊಂಡು ಉಂಡರು. ಚಕ್ರಪಾಣಿ ತನ್ನ ಪಾಲನ್ನೂ ಮಕ್ಕಳ ಎಲೆಗೇ ಬಡಿಸಿದ. ಎಲ್ಲರ ಊಟ ಮುಗಿಯುವ ಹೊತ್ತಿಗೆ ಮರಗಳ ನಡುವಿನಿಂದ ನೋಣಯ್ಯನೇ ಬಂದ.

"ಪುನಃ ಬಂದ ನೋಡಿ ಆ ಜನ!" ಎಂದಳು ಪಂಕಜಾಕ್ಷಿ. "ನೀವು ಅವನ ಕೋಣ ಗೀಣ ಕದ್ದಿದ್ದೀರಾ ಮಾಸ್ಟ್ರೇ?"

ಇನ್ನು ಓಡಲು ಜಾಗವಿರಲಿಲ್ಲ. ಓಡುವ ಮನಸ್ಸೂ ಇರಲಿಲ್ಲ. ಮುಕ್ತಾ ಸಮುದ್ರ ನೋಡಿದ್ದಳು, ಮಕ್ಕಳು ಉಂಡಿದ್ದರು. ಸಾಕು. ಸಾವಿನ ಸುದ್ದಿ ಕೇಳಿದ ಕೂಡಲೇ ತಲೆ ಮುಳುಗುವಂತೆ ಸ್ನಾನ ಮಾಡಬೇಕು, ಅದನ್ನು ಇಲ್ಲೇ ಮುಗಿಸೋಣವೆಂದು ಚಕ್ರಪಾಣಿ ಸೀದಾ ಸೊಂಟದವರೆಗೆ ನೀರಿಗಿಳಿದ. ಜನಿವಾರ ಸರಿಮಾಡಿ, ಮೂಗು ಹಿಡಿದುಕೊಂಡು ಸಿದ್ಧನಾಗಿ ನಿಂತ.

"ಇನ್ನು ಹೇಳು ನೋಣಯ್ಯ. ಎಷ್ಟು ಹೊತ್ತಿಗಾಯ್ತು?"

ತೆರೆಗೆ ಹೆದರಿ ದಡದಲ್ಲೇ ನಿಂತ ನೋಣಯ್ಯ ಬಾಯಿಬಿಟ್ಟ. "ಎಂತ ಎಷ್ಟು ಹೊತ್ತಿಗೆ?"

"ದೊಡ್ಡಪ್ಪ ಹೋದದ್ದು."

"ರಾಮ ರಾಮ! ಬಿಡ್ತು ಅನ್ನಿ ಭಟ್ರೇ! ಅವರು ಬಂದಿದ್ದಾರೆ! ಅಲ್ಲಿ ದೋಣಿಯಲ್ಲಿ ಕೂತಿದ್ದಾರೆ!"

ಚಕ್ರಪಾಣಿ ಮೂಗು ಬಿಟ್ಟ.

"ಮೂರು ಬಿಸು ಆಯ್ತು, ಚಕ್ರು ಬರ್ಲಿಲ್ಲ, ನಾನೇ ಹೋಗ್ತೇನೇಂತ ಹಟ," ಎಂದ ನೋಣಯ್ಯ. "ನಿನ್ನೆ ರಾತ್ರಿಯೇ ಗಾಡಿ ಕಟ್ಟಿಸಿದ್ರು. ನಿಮ್ಮ ಓಣಿಯಲ್ಲಿ ಗಾಡಿ ಬರುದಿಲ್ಲ ಅಲ್ವಾ? ಅವರನ್ನು ಎತ್ತಿಕೊಂಡು ಬರ್ಲಿಕ್ಕೆ ಒಂದು ಕುರ್ಚಿ ಕೇಳುವಾಂತ ನಾನು ಓಡಿ ಬಂದೆ. ನೀವು ನನ್ನನ್ನು ನೋಡಿ ಓಡಿದ್ರಿ! ನಿಮ್ಮ ಜಟ್ಕಾ ನಮ್ಮ ಗಾಡಿಯ ಬದಿಯಲ್ಲೇ ಹೋಯ್ತು. ಅವರು ಕೈ ಬೀಸಿದ್ರು. ನೀವು ಕಣ್ಣು ಮುಚ್ಚಿ ಭಜನೆ ಹೇಳ್ತಾ ಇದ್ರಿ."

"ಅವರು... ಎಂತ ಹೇಳಿದ್ರು?"

"ನಗೆಯೇ ನಗೆ! ಸಣ್ಣದಿರುವಾಗ ಎಣ್ಣೆ ಹಚ್ಲಿಕ್ಕೆ ಕರೆದ್ರೆ ಹೀಗೇ ಓಡ್ತಿದ್ದ ಅಂದ್ರು. ಮನೆಗೆ ಹೋಗುವಾ, ಬಿಸಿಲು ಜೋರುಂಟು ಅಂದ್ರೆ ಕೇಳುದಿಲ್ಲ. ಮಕ್ಕಳ ಒಟ್ಟಿಗೆ ನಾನೂ ಸಮುದ್ರ ನೋಡ್ತೇನೇಂತ."

ಚಕ್ರಪಾಣಿ ಹುಚ್ಚು ಹಿಡಿದವನಂತೆ ನಕ್ಕ. ಒಂದು ತೆರೆ ಬಂದು ಕೆಡವಿತು; ಎದ್ದು ಇನ್ನಷ್ಟು ನಕ್ಕ. "ಮುಕ್ತಾ! ದೊಡ್ಡಪ್ಪ ಬಂದ್ರು! ನಮ್ಮ ದೊಡ್ಡಪ್ಪ!" ಎಂದು ಕೂಗುತ್ತಾ, ಒದ್ದೆ ಪಂಚೆ ಕಾಲಿಗೆ ತೊಡರಿದರೂ ಲೆಕ್ಕಿಸದೆ, ಮರಗಳ ನಡುವೆ ಹೊಳೆಯ ಕಡೆಗೆ ಓಡಿದ. ಬೆಳಗಿನಿಂದ ಎದೆಯ ಮೇಲೆ ಕುಳಿತಿದ್ದ ಬಂಡೆಯನ್ನು ಯಾರೋ ಎತ್ತಿ ಎಸೆದಂತಾಗಿತ್ತು.

ದೋಣಿಯ ಅಂಚಿನಲ್ಲಿ ಬೀಡಿ ಸೇದುತ್ತಿದ್ದ ಬೂಬ ಕೈ ಎತ್ತಿದ. "ಮೆಲ್ಲ ಮಾಸ್ಟ್ರೇ! ಅಜ್ಜನಿಗೆ ಈಗಷ್ಟೇ ನಿದ್ರೆ ಬಂತು."

ದೊಡ್ಡಪ್ಪ ಹಲಸಿನ ಹಣ್ಣಿನ ಗೋಣಿಗೆ ಒರಗಿ, ಹಬ್ಬದ ಹೊಸ ಪಂಚೆಯಲ್ಲಿ ಕುಳಿತಿದ್ದರು. ಮುಖ ಸಮುದ್ರದ ಸದ್ದು ಬರುವ ಕಡೆಗಿತ್ತು. ಚಕ್ರಪಾಣಿ ದೋಣಿಯೊಳಗೆ ಹಾರಿ ಅವರ ಪಾದಗಳ ಮೇಲೆ ಹಣೆಯಿಟ್ಟ. "ತಪ್ಪಾಯ್ತು ದೊಡ್ಡಪ್ಪ. ನಾನು ಎಂತೆಂತದೋ ಯೋಚನೆ ಮಾಡಿದೆ. ಏಳಿ, ಮುಕ್ತಾ ರಸಾಯನ ಮಾಡಿದ್ದಾಳೆ."

ಆಶೀರ್ವಾದದ ಕೈ ತಲೆಯ ಮೇಲೆ ಬರಲೆಂದು ಕಾದ. ಬರಲಿಲ್ಲ. ತಲೆಯೆತ್ತಿ ನೋಡಿದ. ಅರೆತೆರೆದ ತುಟಿಗಳ ಮೇಲೆ ನಗು ಇನ್ನೂ ಆರದೆ ಉಳಿದಿತ್ತು. ಆ ನಗುವಿನ ಮೇಲೆ ಒಂದು ನೊಣ ನಿಶ್ಚಿಂತೆಯಿಂದ ನಡೆದಾಡುತ್ತಿತ್ತು. ಚಕ್ರಪಾಣಿ ಮೂಗಿನ ಬಳಿ ಬೆರಳು ಹಿಡಿದ, ಎದೆಗೆ ಕಿವಿಯಿಟ್ಟ. ದೋಣಿ ಅಲುಗಿದಂತೆ ದೊಡ್ಡಪ್ಪನ ತಲೆಯೂ ಅಲುಗಿತು. ಈ ಮುದುಕನನ್ನು ಕೊಟ್ಟಾರದಿಂದ ಇಲ್ಲಿಯವರೆಗೆ ಬಿಸಿಲಿನಲ್ಲಿ ಎಳೆದು ತಂದು ಕೊಂದವನು ತಾನೇ ಎಂದು ಅವನಿಗೆ ಹೊಳೆದಾಗ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಎಲ್ಲವನ್ನೂ ಸಮುದ್ರದಲ್ಲಿ ಅತ್ತು ಮುಗಿಸಿದ್ದ.

ಮುಕ್ತಾ ಮಕ್ಕಳೊಡನೆ ಓಡೋಡಿ ಬಂದಳು. ಕೈಯಲ್ಲಿ ಬಾಳೆಲೆಯ ದೊನ್ನೆ, ಅದರ ತುಂಬ ರಸಾಯನ. ಸಂಭ್ರಮದಲ್ಲಿ ಸೆರಗು ಹೊದೆದುಕೊಂಡು, "ಮಕ್ಕಳೇ, ದೊಡ್ಡಜ್ಜನಿಗೆ ನಮಸ್ಕಾರ ಮಾಡಿ," ಎಂದಳು. ವಾರಿಜಾ ಮತ್ತು ಮಾಣಿ ಮರಳಿನಲ್ಲಿ ಅಡ್ಡಬಿದ್ದರು. ಎದ್ದು ಕೈಮುಗಿದು, ಅಜ್ಜ ಏನಾದರೂ ಹೇಳಲೆಂದು ನಿಂತರು.

"ಅಜ್ಜ ಎಂತ ಮಾತಾಡುವುದಿಲ್ಲ?" ಎಂದ ಮಾಣಿ.

ಮುಕ್ತಾ ಮುದುಕನ ಮುಖ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಅವಳು ದೊನ್ನೆಯನ್ನು ನಿಧಾನವಾಗಿ ಮರಳಿನ ಮೇಲಿಟ್ಟಳು. ಬೈಯಲಿಲ್ಲ, ಅಳಲೂ ಇಲ್ಲ.

"ಮಕ್ಕಳೇ, ಹೋಗಿ ಸಮುದ್ರದಲ್ಲಿ ಮುಳುಗಿ ಬನ್ನಿ," ಎಂದಳು. "ತಲೆ ಪೂರ್ತಿ ಒದ್ದೆಯಾಗ್ಬೇಕು."

ಮಕ್ಕಳಿಗೆ ನಂಬಿಕೆ ಬರಲಿಲ್ಲ. "ತಲೆಯೂ? ನಿಜವಾಗ್ಲೂ ಅಮ್ಮ?" ಎಂದು ಎರಡೆರಡು ಸಲ ಕೇಳಿದರು. ಅವಳು ತಲೆಯಾಡಿಸಿದ್ದೇ ತಡ, ಒಬ್ಬರನ್ನೊಬ್ಬರು ತಳ್ಳಿಕೊಂಡು ಮರಗಳ ನಡುವೆ ಓಡಿದರು. ಅವರು ಸಮುದ್ರಕ್ಕೆ ಹಾರಿ ಹಾಕಿದ ಕೇಕೆ ಹೊಳೆಯ ಬದಿಯವರೆಗೂ ಕೇಳಿಸಿತು.