ದೊಡ್ಡಮ್ಮನ ಹತ್ತಿ ತುಂಬಿದ ಕುತ್ತಿಗೆದಿಂಬು

ಗುಮಾಸ್ತ ಬೆಳಿಗ್ಗೆ ಎದ್ದವನೇ ಬ್ಲೇಡು ಹಿಡಿದು ದೊಡ್ಡಮ್ಮನ ಹಳೆಯ ದಿಂಬಿನ ಹೊಲಿಗೆ ಬಿಚ್ಚತೊಡಗಿದ. ಒಂದೊಂದು ದಾರ ಕಿತ್ತಾಗಲೂ ಯಾರೋ ಹಲ್ಲು ಕಡಿದಂತೆ ಸದ್ದಾಗುತ್ತಿತ್ತು. ದೊಡ್ಡಮ್ಮ ತೀರಿಕೊಂಡು ತಿಂಗಳುಗಳಾಗಿದ್ದರೂ ಒಳಗಿನ ಹತ್ತಿ ಇನ್ನೂ ಬೆಚ್ಚಗಿತ್ತು.

ಮರುದಿನ ಅವನಿಗೆ ಬೇರೆ ಊರಿನಲ್ಲಿ ಕಾಯಂ ಕೆಲಸದ ಸಂದರ್ಶನ. ಅದೇ ಕೊನೆಯದು, ಆಮೇಲೆ ವಯಸ್ಸು ಮೀರುತ್ತಿತ್ತು. ಕಳೆದ ಸಲ ಬಸ್ಸಿನಲ್ಲಿ ನಿದ್ದೆಹೋಗಿ ಕುತ್ತಿಗೆ ಹಿಡಿದುಕೊಂಡು, ಸಾಹೇಬರು ಕೇಳಿದ್ದಕ್ಕೆಲ್ಲ ಕಿಟಕಿ ನೋಡುತ್ತ ಉತ್ತರ ಹೇಳಿ ಬಂದಿದ್ದ. ಅದಕ್ಕೂ ಹಿಂದಿನ ಸಲ ಬಸ್ಸೇ ತಪ್ಪಿತ್ತು. ಅದು ದೊಡ್ಡಮ್ಮನ ಕೃಪೆ. ಅವನನ್ನು ಸಾಕಿ ಬೆಳೆಸಿದ ಆಕೆ, ಅವನು ಹೊಸ್ತಿಲು ದಾಟಿದಾಗಲೆಲ್ಲ ನಲ್ಲಿ ನಿಲ್ಲಿಸಿದೆಯಾ ಎಂದು ಕೇಳುವವಳು. ಕೇಳಿದ ಮೇಲೆ ಇವನು ಹಿಂದಿರುಗಿ ನೋಡದೆ ಹೋಗುವವನಲ್ಲ.

ಲಾಳದ ಆಕಾರಕ್ಕೆ ಎರಡು ತುಂಡು ಬಟ್ಟೆ ಕತ್ತರಿಸಿ, ಒಳಮಗ್ಗುಲು ಹೊರಗಿಟ್ಟು ಸುತ್ತ ಹೊಲಿದ. ಕೈ ತೂರುವಷ್ಟು ಬಾಯಿ ಬಿಟ್ಟು ಒಳಹೊರಗು ಮಾಡಿ, ಹತ್ತಿ ತುಂಬಿ, ಬಾಯಿ ಮುಚ್ಚಿದ. ಮೇಲೆ ತೆಗೆದು ತೊಳೆಯಲು ಬರುವಂತೆ ಜಿಪ್ಪಿನ ಗವಸು.

"ಎಮ್ಮೆ ಕುತ್ತಿಗೆಗೆ ಕಟ್ಟೋ ಹಾಗಿದೆ," ಎಂದಳು ಹೆಂಡತಿ.

ಪಕ್ಕದ ಮನೆಯ ಟೀಚರಕ್ಕ ಇಂಥದನ್ನು ಬಿಡುವವರೇ? ಹೊಲಿಗೆ ಸೊಟ್ಟಗಿದೆ ಎಂದು ತಪ್ಪು ಹುಡುಕುತ್ತಲೇ ಕೊರಳಿಗೆ ಹಾಕಿಕೊಂಡು ಕುರ್ಚಿಗೊರಗಿದರು. ಮಾತು ಅರ್ಧಕ್ಕೆ ನಿಂತಿತು. ಆಕೆಯ ಮಾತು ಅರ್ಧಕ್ಕೆ ನಿಂತದ್ದನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಕಣ್ಣು ಮುಚ್ಚಿತು, ಬಾಯಿ ಮಾತ್ರ ತೆರೆಯಿತು.

"ನಲ್ಲಿ ನಿಲ್ಲಿಸಿದ್ಯಾ?"

ದೊಡ್ಡಮ್ಮನದೇ ಧ್ವನಿ, ಕೊನೆಯ ಸಣ್ಣ ಕೆಮ್ಮಿನ ಸಮೇತ. ಗುಮಾಸ್ತ ಹೋಗಿ ನಲ್ಲಿ ನೋಡಿ ಬಂದ. ನಿಂತಿತ್ತು.

ಎಚ್ಚರವಾದ ಟೀಚರಕ್ಕನಿಗೆ ಏನೂ ನೆನಪಿರಲಿಲ್ಲ. ಹೆಂಡತಿಗೆ ಮಾತ್ರ ಮೈ ಜುಮ್ಮೆಂದಿತ್ತು. ತೊಳೆದರೆ ಎಲ್ಲಾ ಹೋಗುತ್ತದೆ ಎಂದು ಗವಸು ಬಿಚ್ಚಿ, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ ಮತ್ತೆ ತೊಡಿಸಿದಳು. ಈ ಸಲ ತಾನೇ ಧೈರ್ಯ ಮಾಡಿ ಕೊರಳಿಗೆ ಹಾಕಿಕೊಂಡಳು. ತೊಳೆದದ್ದರಿಂದ ಧ್ವನಿ ಇನ್ನಷ್ಟು ಸ್ವಚ್ಛವಾಗಿ ಬಂತು. ಗುಮಾಸ್ತ ಮತ್ತೆ ನಲ್ಲಿ ನೋಡಿ ಬಂದ.

"ನಾನೇನಾದ್ರೂ ಅಂದ್ನಾ?" ಕಣ್ಣುಜ್ಜುತ್ತ ಕೇಳಿದಳು ಹೆಂಡತಿ.

"ಹೊಸದೇನೂ ಅನ್ಲಿಲ್ಲ."

ಅಷ್ಟರಲ್ಲಿ ಮಹಡಿಯ ಮನೆಯ ಡ್ರೈವರಣ್ಣ ಇಳಿದು ಬಂದರು. ಬಸ್ಸಿನ ಕೆಲಸಕ್ಕೆ ರಜೆ ಹಾಕಿ ಮಲಗಿದರೂ ನಿದ್ದೆ ಹತ್ತುತ್ತಿಲ್ಲವೆಂದು ಅವರ ಗೋಳು. ಗುಮಾಸ್ತ ದಿಂಬನ್ನು ಬಿಸಿ ಪಾತ್ರೆಯಂತೆ ಅವರ ಕೈಗೆ ದಾಟಿಸಿದ.

"ನಿನಗೆ ಬೇಡ್ವಾ ತಮ್ಮಾ?"

"ನೀವೇ ಇಟ್ಕೊಳ್ಳಿ ಅಣ್ಣಾ. ನನ್ನ ಕುತ್ತಿಗೆ ಹಿಡಿದ್ರೂ ಪರವಾಗಿಲ್ಲ."

ಸಂಜೆ ಅವನು ಹೊಸ್ತಿಲು ದಾಟುವಾಗ ಯಾರೂ ಏನೂ ಕೇಳಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಂಡು ಓಡಿ ಹೋಗಿ, ಹೊರಟಿದ್ದ ಬಸ್ಸಿನ ಹಿಂಬಾಗಿಲಿನಿಂದ ಹತ್ತಿ ಕುಳಿತ. ಊರ ದೀಪಗಳು ಹಿಂದೆ ಸರಿದವು. ನೋಡುತ್ತಿದ್ದಂತೆ ಅಕ್ಕಪಕ್ಕದವರೆಲ್ಲ ನಿದ್ದೆಹೋದರು. ಕಂಡಕ್ಟರ್ ಕೂಡ ಟಿಕೆಟ್ ಚೀಲ ತಬ್ಬಿಕೊಂಡು ತೂಕಡಿಸುತ್ತಿದ್ದ. ಆಗ ಎಂಜಿನ್ ಸದ್ದಿನ ಮೇಲೆ ತೇಲಿಕೊಂಡು ಮುಂದಿನಿಂದ ಬಂತು:

"ನಲ್ಲಿ ನಿಲ್ಲಿಸಿದ್ಯಾ?"

ಗುಮಾಸ್ತ ಕಂಬಿ ಹಿಡಿದು ಹಿಡಿದು ಮುಂದೆ ಹೋದ. ಚಾಲಕನ ಸೀಟಿನಲ್ಲಿ ಡ್ರೈವರಣ್ಣ. ಯಾರೋ ಬಾರದ್ದಕ್ಕೆ ರಜೆ ರದ್ದು ಮಾಡಿ ಕರೆಸಿರಬೇಕು. ಕೊರಳಲ್ಲಿ ದಿಂಬು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಆದರೂ ಬಸ್ಸು ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು.

ಅವನು ಎರಡು ಸಲ ನಲ್ಲಿ ನೋಡಿದ್ದನ್ನು ಹೇಳಿದ. ಆಣೆ ಮಾಡಿದ. ಬಸ್ಸು ನಿಧಾನವಾಯಿತು. ಡ್ರೈವರಣ್ಣನ ಕೈ, ತಪ್ಪಿಸಿಕೊಂಡ ಮಗುವನ್ನು ಮನೆಗೆ ಕರೆದೊಯ್ಯುವಷ್ಟು ಮೆತ್ತಗೆ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿತು. ಊರ ದೀಪಗಳು ಮತ್ತೆ ಎದುರಿಗೆ ಬಂದವು.

"ದೊಡ್ಡಮ್ಮಾ," ಎಂದ ಗುಮಾಸ್ತ, "ನನ್ನನ್ನ ಇಲ್ಲೇ ಇಳಿಸಿಬಿಡು."

ಬಸ್ಸು ನಲ್ಲಿ ನೋಡಲು ಮನೆಯ ಕಡೆಗೆ ನೆಟ್ಟಗೆ ಓಡಿತು.