ರೋಬೋಟಿಗೆ ಚೆಂಡುಹೂವಿನ ಮಾಲೆ

ಹೋಟೆಲಿನವರಿಗೆ ಯಂತ್ರ ಕಂಡರೆ ಕೈಮುಗಿಯುವ ಚಾಳಿ. ಡೊಂಬಿವಲಿಯ ನನ್ನ ಸಣ್ಣ ಹೋಟೆಲಿನಲ್ಲಿ ಆಯುಧಪೂಜೆಯ ದಿನ ಗ್ರೈಂಡರಿಗೂ ಫ್ರಿಜ್ಜಿಗೂ ಕುಂಕುಮ ಬೀಳುತ್ತದೆ. ಒಂದು ವರ್ಷ ಭಕ್ತಿ ಹೆಚ್ಚಾಗಿ ಕ್ಯಾಲ್ಕುಲೇಟರಿಗೂ ಗಂಧ ಮೆತ್ತಿದ್ದೆ. ಅದರ ಏಳರ ಗುಂಡಿ ಇಂದಿಗೂ ಏಳುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ.

ಮಗಳು ಅನಘಾಳಿಗೆ ಆಗ ಹದಿನೇಳು. ಹುಟ್ಟುವಾಗ ಮಿದುಳಿಗಾದ ಪೆಟ್ಟಿನಿಂದ ಅವಳಿಗೆ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಮಾತು ನಿಧಾನ. ನಿಧಾನವಾದರೂ ಗುರಿ ತಪ್ಪುವುದಿಲ್ಲ. ನವಿ ಮುಂಬಯಿಯ ಒಂದು ಕೇಂದ್ರದಲ್ಲಿ ನಡಿಗೆ ಕಲಿಸುವ ರೋಬೋಟ್ ಬಂದಿದೆಯೆಂದು ಕೇಳಿ ಅಲ್ಲಿಗೆ ಸೇರಿಸಿದೆವು. ರೋಬೋಟ್ ಎಂದರೆ ಕಣ್ಣು ಮಿಟುಕಿಸುವ ಗೊಂಬೆಯಲ್ಲ. ಮೇಲಿನಿಂದ ಪಟ್ಟಿಗಳು ಮೈಭಾರ ಹೊರುತ್ತವೆ, ಕಾಲಿಗೆ ಲೋಹದ ಕಾಲು ಬಿಗಿಯುತ್ತಾರೆ, ಕೆಳಗೆ ಟ್ರೆಡ್‌ಮಿಲ್ ಓಡುತ್ತದೆ. ಮೊದಲ ದಿನ ಅವಳು ಅದರಲ್ಲಿ ನೆಟ್ಟಗೆ ನಿಂತಾಗ ನನಗೆ ತಿಳಿಯಿತು: ಮಗಳು ನನಗಿಂತ ಎತ್ತರ. ಇಷ್ಟು ವರ್ಷ ಬಗ್ಗಿ ನೋಡಿದವನು ಕತ್ತೆತ್ತಿ ನೋಡಿದೆ. ಬುದ್ಧಿ ಕೆಟ್ಟಿದ್ದು ಅಲ್ಲೇ.

ಆಯುಧಪೂಜೆಯ ದಿನವೂ ಥೆರಪಿ ಇತ್ತು. ಅನಘಾಳ ಸರದಿ ಮುಗಿಯಿತು. ಥೆರಪಿಸ್ಟ್ ಪ್ರಾಜಕ್ತಾ ಅವಳನ್ನು ಗಾಲಿಕುರ್ಚಿಗೆ ಇಳಿಸುತ್ತಿದ್ದಾಗ ನಾನು ಚೀಲದಿಂದ ಚೆಂಡುಹೂವಿನ ಮಾಲೆ ತೆಗೆದು ಯಂತ್ರದ ಮೊಣಕಾಲಿಗೆ ಸುತ್ತಿದೆ. ಪರದೆಗೆ ಕುಂಕುಮ ಇಟ್ಟು ಕಣ್ಣುಮುಚ್ಚಿದೆ. ಮುಂದಿನ ಸರದಿ ಶಹಾಡಿನಿಂದ ಬಂದಿದ್ದ ಶಬಾನಾ ಎಂಬ ಕಾಲೇಜು ಹುಡುಗಿಯದು. ಅವಳನ್ನು ಹತ್ತಿಸುವ ಮೊದಲು ಖಾಲಿ ಓಡಿಸಿ ನೋಡಲೆಂದು ಪ್ರಾಜಕ್ತಾ ಮಾಲೆಯನ್ನು ಗಮನಿಸದೆ ಹಿಂದಿನಿಂದ ಗುಂಡಿ ಒತ್ತಿದಳು. ಮಾಲೆಯ ದಾರ ಕೀಲಿನೊಳಗೆ ಹೋಯಿತು. ಯಂತ್ರ ಕೀಚ್ ಎಂದು ಕೂಗಿ ನಿಂತೇಬಿಟ್ಟಿತು.

"ಅಂಕಲ್," ಪ್ರಾಜಕ್ತಾ ದಳಗಳನ್ನು ಆರಿಸುತ್ತ ಮೆಲ್ಲಗೆ ಹೇಳಿದಳು, "ಯೇ ಟ್ರಕ್ ನಹೀ ಹೈ."

ರಿಪೇರಿಯವನು ಬರುವುದು ಮರುದಿನವಷ್ಟೇ ಎಂದಾಯಿತು; ಶಬಾನಾಳ ಸರದಿ ತಪ್ಪಿತು. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಮಗಳನ್ನು ಕರೆತಂದಿದ್ದ ಶಬಾನಾಳ ತಾಯಿ ಬಯ್ಯಲಿಲ್ಲ. "ಕೋಯಿ ಬಾತ್ ನಹೀ, ಭಾಯಿಸಾಬ್," ಎಂದರು. ಬಯ್ದಿದ್ದರೆ ಜೀವಕ್ಕೆ ಹಗುರವಾಗುತ್ತಿತ್ತು. ಹೋಟೆಲಿನ ವ್ಯಾನಿನಲ್ಲಿ ಅವರನ್ನು ಮನೆಗೆ ಬಿಡುತ್ತೇನೆಂದು ಗೋಗರೆದು ಒಪ್ಪಿಸಿದೆ.

ವ್ಯಾನ್ ಹೊರಟಿತು. ನನಗೆ ಸುಮ್ಮನಿದ್ದು ಅಭ್ಯಾಸವಿಲ್ಲ. "ಒಳ್ಳೇದಾಗ್ಲಿ ಅಂತಲೇ ಮಾಡಿದ್ದು ಮಗಾ," ಎಂದೆ.

ಅನಘಾ ಕಿಟಕಿಯಿಂದ ಮುಖ ತಿರುಗಿಸದೆ, ಒಂದೊಂದೇ ಪದ ಹೆಕ್ಕಿ ಹೇಳಿದಳು: "ಪಪ್ಪಾ, ಚಲ್ತೀ ತೋ ಮೈ ಹೂಂ. ಪೂಜಾ ಮಶೀನ್ ಕೀ?"

ನಡೆಯುವವಳು ಅವಳು, ಪೂಜೆ ಯಂತ್ರಕ್ಕೆ. ಪ್ರತಿ ಸಲ ಇಳಿಯುವಾಗ ಅವಳ ಬೆನ್ನು ಬೆವರಿನಿಂದ ತೊಯ್ದಿರುತ್ತಿತ್ತು, ಒರೆಸಿದವನೂ ನಾನೇ. ಅದು ಯಂತ್ರದ ಬೆವರೆಂದುಕೊಂಡಿದ್ದೆನೋ ಏನೋ. ಮನೆಯಲ್ಲಿ ಬಂದವರಿಗೆಲ್ಲ "ರೋಬೋಟ್ ನಮ್ಮ ಹುಡುಗಿಯನ್ನು ನಡೆಸುತ್ತದೆ ಮಾರಾಯ್ರೆ" ಎಂದು ಕೊಚ್ಚಿಕೊಂಡದ್ದು ನೆನಪಾಗಿ ಕಿವಿ ಬಿಸಿಯಾಯಿತು. ಹಿಂದಿನ ಸೀಟಿನಲ್ಲಿ ಶಬಾನಾ ಕಿಸಕ್ಕನೆ ನಕ್ಕಳು. ಅನಘಾಳೂ ನಕ್ಕಳು. ನಾನು ಕನ್ನಡಿಯನ್ನು ಸರಿಪಡಿಸುವವನಂತೆ ನಟಿಸಿ, ಸರಿಯಿದ್ದ ಕನ್ನಡಿಯನ್ನು ಹಾಳುಮಾಡಿದೆ.

ಮುಂದಿನ ವಾರ ಕೇಂದ್ರದ ಬಾಗಿಲಲ್ಲಿ ಹೊಸ ಕಾಗದ ಅಂಟಿತ್ತು: ಯಂತ್ರಕ್ಕೆ ಹೂವು, ಕುಂಕುಮ ಹಾಕಬಾರದು. ಮಗನನ್ನು ಮೊದಲ ಸಲ ಕರೆತಂದಿದ್ದ ಘಣಸೋಲಿಯಲ್ಲಿರುವ ನಮ್ಮೂರ ಕಡೆಯವರೊಬ್ಬರು ಅದನ್ನೋದಿ ನನ್ನ ಪಕ್ಕ ಕುಳಿತರು.

"ಇಂಥ ಮಿಷಿನ್ನಿಗೆ ಹೂವು ಹಾಕುವ ಮಂಡೆ ಯಾರದ್ದು ಮಾರಾಯ್ರೆ?"

"ಎಂತೆಂಥವರು ಇರ್ತಾರೆ," ಎಂದೆ, ಗಂಭೀರವಾಗಿ.

ಎದುರಿಗೆ ಯಂತ್ರದಲ್ಲಿ ಅನಘಾ ಹೆಜ್ಜೆ ಹಾಕುತ್ತಿದ್ದಳು. ಮನೆಯಲ್ಲಿ ಎಷ್ಟು ಗೋಗರೆದರೂ ಹಿಂದಿಯಲ್ಲೇ ಉತ್ತರಿಸುವವಳು, ಆವತ್ತು ಅಷ್ಟೆತ್ತರದಿಂದ, ಸ್ವಚ್ಛ ಕನ್ನಡದಲ್ಲಿ ಹೇಳಿದಳು: "ಅವರೇ, ಅಂಕಲ್. ನನ್ನ ಪಪ್ಪ."

ಮಗಳ ಕನ್ನಡಕ್ಕೆ ಹಿಗ್ಗಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ನಾನು ಬೆಂಚಿನಡಿ ಚಪ್ಪಲಿ ಹುಡುಕತೊಡಗಿದೆ. ಚಪ್ಪಲಿ ಕಾಲಲ್ಲೇ ಇತ್ತು.